ಗರ್ಭಕೋಶದ ಕೊರಳಿನ ಅಪರೂಪದ ಗಡ್ಡೆ: ಹೆಸರು ತಿಳಿಯುವ ಮುಂಚೆ ಕತ್ತರಿ ಬೇಡ



ಅರಿಶಿನ ಕುಂಕುಮಕ್ಕೆಂದು ನಾಲ್ಕು ಜನ ಹೆಂಗಸರು ಒಂದು ಕಡೆ ಸೇರಿದರೆ ಮಾತಿಗೇನು ಬರವೇ? ಮಂಡಿ ನೋವು, ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ, ಥೈರಾಯ್ಡ್ ಎಲ್ಲವೂ ಬಂದು ಹೋಗುತ್ತವೆ. ಸೊಂಟದ ಕೆಳಗಿನ ತೊಂದರೆಯ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ, ಸೆರಗು ಬಾಯಿಗೆ ಬರುತ್ತದೆ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ಕಲೆ ಕಾಣಿಸಿಕೊಂಡಿತು ಎಂದು ಯಾರಾದರೂ ಹೇಳಿದರೆ, "ಏನೋ ಉಷ್ಣ ಆಗಿರಬೇಕು ಬಿಡೇ, ಮೆಂತ್ಯದ ಮಜ್ಜಿಗೆ ಕುಡಿ" ಎಂದು ಸಮಾಧಾನ ಹೇಳಿ ಕಳಿಸುತ್ತೇವೆ. ಮೆಂತ್ಯದ ಮಜ್ಜಿಗೆ ಕುಡಿದರೆ ಕೆಡುಕೇನಿಲ್ಲ. ಅದನ್ನೇ ನೆಚ್ಚಿಕೊಂಡು ಆರು ತಿಂಗಳು ಕಳೆದುಬಿಡುತ್ತೇವಲ್ಲ, ಅಲ್ಲಿರುವುದು ಅಪಾಯ.

ಇವತ್ತು ನಾನು ಬರೆಯಹೊರಟಿರುವುದು ಗರ್ಭಕೋಶದ ಕೊರಳಿಗೆ ಬರುವ ಕ್ಯಾನ್ಸರುಗಳ ಪೈಕಿ ಬಹಳ ಅಪರೂಪದ ಒಂದು ಬಗೆಯ ವಿಷಯ. ಅದರ ಹೆಸರೇ ನಾಲಿಗೆ ಹೊರಳದಂಥದ್ದು: ನ್ಯೂರೋಎಂಡೋಕ್ರೈನ್ ಗಡ್ಡೆ. ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ, ಇಪ್ಪತ್ತು ವರ್ಷಕ್ಕೂ ಮೇಲಿಂದ ಮನೆ ನಡೆಸಿಕೊಂಡು ಬಂದವಳು. ನನ್ನ ನಾದಿನಿಗೆ ಈ ಕಾಯಿಲೆ ಬಂದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ನಾನೇ ಆದೆ. ಪ್ರತಿ ಸಲವೂ ಒಂದು ನೋಟ್‌ಬುಕ್ ಹಿಡಿದುಕೊಂಡು ಹೋಗಿ, ಡಾಕ್ಟರರನ್ನು ಕೇಳಿ ಕೇಳಿ ಬರೆದುಕೊಂಡೆ. ಅದರಲ್ಲಿ ನಮ್ಮಂಥವರಿಗೆ ಬೇಕಾದದ್ದನ್ನು ಆರಿಸಿ ಇಲ್ಲಿ ಹೇಳುತ್ತಿದ್ದೇನೆ.

ಕೊರಳು ಎಂದರೆ ಯಾವುದು?

ಗರ್ಭಕೋಶವನ್ನು ಬಾಯಿ ಕೆಳಗಾಗಿ ಹಿಡಿದ ಒಂದು ಪುಟ್ಟ ತಂಬಿಗೆ ಎಂದುಕೊಳ್ಳಿ. ಆ ತಂಬಿಗೆಯ ಕಂಠ ಕೆಳಮುಖವಾಗಿ ಯೋನಿಯೊಳಕ್ಕೆ ಇಣುಕಿದಂತಿರುತ್ತದೆ. ಇದೇ ಗರ್ಭಕಂಠ ಅಥವಾ ಗರ್ಭಕೋಶದ ಕೊರಳು. ಹೆರಿಗೆಯ ಹೊತ್ತಿಗೆ ಅಗಲವಾಗಿ ಮಗುವಿಗೆ ದಾರಿ ಬಿಡುವುದು ಈ ಕೊರಳೇ.

ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಎರಡನೆಯ ಸ್ಥಾನ ಇದರದ್ದು. 2022ನೇ ಇಸವಿಯ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಿಗೆ ಹೊಸದಾಗಿ ಇದು ಬಂತು. ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು.

ಇದರಲ್ಲಿ ಬಹುಪಾಲು ಎರಡು ಬಗೆ. ಕೊರಳಿನ ಹೊರಮೈಯ ಚರ್ಮದಂಥ ಪದರದಲ್ಲಿ ಹುಟ್ಟುವುದು ಒಂದು. ಒಳಗಿನ ಲೋಳೆ ಸ್ರವಿಸುವ ಗ್ರಂಥಿಗಳಲ್ಲಿ ಹುಟ್ಟುವುದು ಇನ್ನೊಂದು. ಇವು ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಮೆಲ್ಲಗೆ ಬೆಳೆಯುತ್ತವೆ. ಆದ್ದರಿಂದಲೇ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡವರಿಗೆ ಇವು ಮೊಳಕೆಯಲ್ಲೇ ಸಿಕ್ಕಿಬೀಳುತ್ತವೆ.

ಅಪರೂಪದ ಮೂರನೆಯದು

ನಾನು ಹೇಳಹೊರಟ ಗಡ್ಡೆ ಈ ಎರಡಕ್ಕೂ ಸೇರದ್ದು. ಕೊರಳಿನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಇದು ಬರುವುದು. ಆದ್ದರಿಂದ ಇದನ್ನು ಓದಿದ ಕೂಡಲೇ ಯಾರೂ ಗಾಬರಿಯಾಗಬೇಕಾಗಿಲ್ಲ.

'ನ್ಯೂರೋ' ಎಂದರೆ ನರಕ್ಕೆ ಸಂಬಂಧಪಟ್ಟದ್ದು. 'ಎಂಡೋಕ್ರೈನ್' ಎಂದರೆ ರಕ್ತಕ್ಕೇ ನೇರವಾಗಿ ಹಾರ್ಮೋನು ಬಿಡುವ ನಿರ್ನಾಳ ಗ್ರಂಥಿಗೆ ಸಂಬಂಧಪಟ್ಟದ್ದು. ಈ ಎರಡರ ಗುಣವೂ ಬೆರೆತ ಜೀವಕೋಶಗಳು ನಮ್ಮ ಶ್ವಾಸಕೋಶ, ಕರುಳು ಮುಂತಾದ ಕಡೆ ಚದುರಿಕೊಂಡಿರುತ್ತವೆ. ಕರುಳಿನಲ್ಲಿ ಕಂಡ ಇಂಥ ಗಡ್ಡೆಗಳನ್ನು 1907ರಲ್ಲಿ ಓಬರ್ನ್‌ಡಾರ್ಫರ್ ಎಂಬ ಜರ್ಮನ್ ವೈದ್ಯರು ವಿವರಿಸಿ, 'ಕಾರ್ಸಿನಾಯ್ಡ್' ಎಂದು ಹೆಸರಿಟ್ಟರು. ಗರ್ಭಕೋಶದ ಕೊರಳಿನಲ್ಲೂ ಇಂಥದ್ದು ಬರುತ್ತದೆ ಎಂದು 1972ರಲ್ಲಿ ಬರೆದು ತಿಳಿಸಿದವರು ಆಲ್ಬೋರೆಸ್ ಸಾವೆದ್ರಾ ಎಂಬ ಮೆಕ್ಸಿಕೋ ದೇಶದ ವೈದ್ಯರು ಮತ್ತು ಅವರ ಸಂಗಡಿಗರು.

ಇದರಲ್ಲೂ ಒಳಬಗೆಗಳಿವೆ. ಹೆಚ್ಚಾಗಿ ಕಾಣುವುದು 'ಸ್ಮಾಲ್ ಸೆಲ್', ಅಂದರೆ ಸಣ್ಣ ಜೀವಕೋಶದ ಬಗೆ. 'ಲಾರ್ಜ್ ಸೆಲ್' ಅದಕ್ಕಿಂತ ಕಡಿಮೆ. ಮೆಲ್ಲಗೆ ಬೆಳೆಯುವ ಸೌಮ್ಯ ಬಗೆ ಇನ್ನೂ ವಿರಳ. ಸಣ್ಣ ಜೀವಕೋಶದ್ದು ಹೆಸರಿಗೆ ಮಾತ್ರ ಸಣ್ಣದು, ಅವಸರ ಬಹಳ. ಕೊರಳಿನಲ್ಲಿ ಗಡ್ಡೆ ಇನ್ನೂ ಚಿಕ್ಕದಿರುವಾಗಲೇ ದುಗ್ಧಗ್ರಂಥಿಗಳಿಗೆ, ಶ್ವಾಸಕೋಶಕ್ಕೆ, ಪಿತ್ತಕೋಶ ಯಕೃತ್ತುಗಳಿರುವ ಭಾಗಕ್ಕೆ, ಮೂಳೆಗೆ, ಮಿದುಳಿಗೆ ಹಬ್ಬಿಬಿಡುವ ಗುಣ ಇದಕ್ಕುಂಟು. ವಯಸ್ಸಾದವರಿಗೇ ಬರಬೇಕೆಂದೇನೂ ಇಲ್ಲ. ನಲವತ್ತರ ಆಸುಪಾಸಿನವರಲ್ಲೂ, ಅದಕ್ಕಿಂತ ಚಿಕ್ಕವರಲ್ಲೂ ಕಾಣಿಸಿಕೊಳ್ಳುತ್ತದೆ.

ಪ್ಯಾಪ್ ಪರೀಕ್ಷೆಯ ಕಣ್ಣು ತಪ್ಪಿಸುವುದು ಹೇಗೆ?

ನನ್ನ ನಾದಿನಿಗೆ ಆಗ ನಲವತ್ತನಾಲ್ಕು. ಮುಟ್ಟಿನ ನಡುವೆ ಕಲೆ ಕಾಣಿಸತೊಡಗಿತು. ಗಂಡ ಹೆಂಡಿರ ಸಂಪರ್ಕವಾದ ಮೇಲೂ ರಕ್ತ. ಮೂರು ತಿಂಗಳಾದ ಮೇಲೆ ನನ್ನ ಹತ್ತಿರ ಬಾಯಿಬಿಟ್ಟಳು. "ಅತ್ತಿಗೆ, ಹೋದ ವರ್ಷ ತಾನೇ ಪ್ಯಾಪ್ ಟೆಸ್ಟ್ ಮಾಡಿಸಿದ್ದೆ. ಎಲ್ಲಾ ಸರಿಯಾಗಿದೆ ಅಂತ ಬರೆದುಕೊಟ್ಟಿದ್ದಾರೆ. ಮತ್ತೆ ಇದ್ಯಾಕೆ?" ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ.

ಪ್ಯಾಪ್ ಪರೀಕ್ಷೆ ಎಂದರೆ ಕೊರಳಿನ ಮೇಲ್ಮೈಯನ್ನು ಪುಟ್ಟ ಬ್ರಷ್ಷಿನಿಂದ ಸವರಿ, ಉದುರಿದ ಜೀವಕೋಶಗಳನ್ನು ಗಾಜಿನ ಮೇಲೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಮೆರಿಕದಲ್ಲಿ ನೆಲೆಸಿದ ಗ್ರೀಕ್ ವೈದ್ಯ ಜಾರ್ಜ್ ಪ್ಯಾಪನಿಕೊಲಾವ್ ಇದನ್ನು ರೂಪಿಸಿದರು. ಅವರ ಹೆಂಡತಿ ಮೇರಿ ವರ್ಷಗಟ್ಟಲೆ ತಮ್ಮನ್ನೇ ಈ ಪರೀಕ್ಷೆಗೆ ಒಡ್ಡಿಕೊಂಡರಂತೆ. 1943ರಲ್ಲಿ ಟ್ರಾಟ್ ಎಂಬ ಸಹೋದ್ಯೋಗಿಯ ಜೊತೆ ಅವರು ಪುಸ್ತಕ ಹೊರತಂದ ಮೇಲೆ ಜಗತ್ತು ಈ ಪರೀಕ್ಷೆಯನ್ನು ಒಪ್ಪಿಕೊಂಡಿತು. ಇದರಿಂದ ಬದುಕಿಕೊಂಡ ಹೆಂಗಸರಿಗೆ ಲೆಕ್ಕವಿಲ್ಲ.

ಆದರೆ ಈ ಅಪರೂಪದ ಗಡ್ಡೆ ಹಲವು ಸಲ ಮೇಲ್ಪದರದ ಅಡಿಯಲ್ಲಿ ಹುಟ್ಟುತ್ತದೆ. ಉಳಿದವುಗಳಂತೆ ವರ್ಷಗಟ್ಟಲೆ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಮೇಲೆ ಸವರಿದಾಗ ಬ್ರಷ್ಷಿಗೆ ಅಂಟುವುದು ಒಳ್ಳೆಯ ಜೀವಕೋಶಗಳೇ. ಅನ್ನದ ಪಾತ್ರೆಯಲ್ಲಿ ಮೇಲಿನ ಅಗುಳು ಬೆಂದಿದ್ದು, ತಳ ಸೀದುಹೋಗಿರುವುದಿಲ್ಲವೇ, ಹಾಗೆ. ಒಂದು ಸಲದ ಪರೀಕ್ಷೆಗೂ ಇನ್ನೊಂದಕ್ಕೂ ನಡುವಿನ ಕಾಲದಲ್ಲೇ ಬೆಳೆದುಬಿಡುವುದೂ ಉಂಟು.

ಹಾಗಾದರೆ ಪ್ಯಾಪ್ ಪರೀಕ್ಷೆ ಬೇಡವೇ? ಖಂಡಿತ ಬೇಕು. ಏನೂ ತೊಂದರೆ ಇಲ್ಲದವರಿಗೆ ಅದು ಕಾವಲುಗಾರ. ಆದರೆ ರಕ್ತ ಕಾಣಿಸಿಕೊಂಡ ಮೇಲೆ ಹಳೆಯ ಚೀಟಿ ತೋರಿಸಿ ಸುಮ್ಮನಿರುವಂತಿಲ್ಲ. ತೊಂದರೆ ಕಂಡವರು ಕಣ್ಣಾರೆ ನೋಡಿಸಿಕೊಳ್ಳಬೇಕು, ಅನುಮಾನವಿದ್ದ ಕಡೆ ಚೂರು ತೆಗೆಸಬೇಕು.

ಯಾವ ಲಕ್ಷಣ ಕಂಡರೆ ತಡಮಾಡಬಾರದು?

ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ತೋರಿಸಿಕೊಳ್ಳಬೇಕು. ಎರಡು ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ರಕ್ತ ಕಾಣಿಸುವುದು, ನೀರಿನಂಥ, ರಕ್ತ ಬೆರೆತ ಅಥವಾ ಕೆಟ್ಟ ವಾಸನೆಯ ಬಿಳಿಸೆರಗು ಹೋಗುತ್ತಲೇ ಇರುವುದು, ಕಿಬ್ಬೊಟ್ಟೆ ಸೊಂಟಗಳಲ್ಲಿ ಬಿಡದ ನೋವು ಇವೂ ಅಷ್ಟೇ. ಇಂಥವಕ್ಕೆ ಸೋಂಕು, ದುರ್ಮಾಂಸ, ಹಾರ್ಮೋನಿನ ಏರುಪೇರು ಹೀಗೆ ಸಾದಾ ಕಾರಣಗಳೇ ಹೆಚ್ಚು. ಯಾವ ಕಾರಣ ಎಂಬುದನ್ನು ಮನೆಯಲ್ಲಿ ಕೂತು ಹೇಳಲಾಗದು, ಅಷ್ಟೇ.

ತೀರಾ ಅಪರೂಪಕ್ಕೆ ಈ ಗಡ್ಡೆ ತಾನೇ ಹಾರ್ಮೋನಿನಂಥ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ಆಗ ಮೈಯಲ್ಲಿನ ಉಪ್ಪಿನಂಶ ಇಳಿದು ತಲೆ ಮಂಕಾಗುವುದು, ಮುಖ ಊದಿ ಗುಂಡಗಾಗುವುದು ಮುಂತಾದ ಸಂಬಂಧವೇ ಇಲ್ಲದಂತೆ ಕಾಣುವ ತೊಂದರೆಗಳೂ ಬರಬಹುದು.

ತಪಾಸಣೆಯಲ್ಲಿ ಲೇಡಿ ಡಾಕ್ಟರು ಸ್ಪೆಕ್ಯುಲಮ್ ಎಂಬ ಕೊಕ್ಕಿನಂಥ ಸಾಧನ ಇಟ್ಟು ಕೊರಳನ್ನು ನೋಡುತ್ತಾರೆ. ನಾವು ಅಡಿಗೆಗೆ ತರುವ ವಿನಿಗರ್ ಇದೆಯಲ್ಲ, ಅದರಲ್ಲಿರುವ ಅಸಿಟಿಕ್ ಆಮ್ಲವನ್ನೇ ನೀರಿನಲ್ಲಿ ಬೆರೆಸಿ ಸವರುತ್ತಾರೆ. ಕೆಟ್ಟ ಜಾಗ ನಿಮಿಷದೊಳಗೆ ಬೆಳ್ಳಗಾಗುತ್ತದೆ. ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪ್ ಎಂಬ ಯಂತ್ರದಿಂದ ನೋಡುವುದೂ ಉಂಟು. ಮುಜುಗರವಾಗುತ್ತದೆ, ನಿಜ. ಆದರೆ ಹೆರಿಗೆ ಮಾಡಿಕೊಂಡವರಿಗೆ ಇದು ಯಾವ ಲೆಕ್ಕ!

ಆ ಚಿಕ್ಕ ಚೂರಿನ ಪಯಣ

ಅನುಮಾನವಿದ್ದ ಕಡೆಯಿಂದ ಕಡಲೆಕಾಳಿಗಿಂತ ಚಿಕ್ಕದಾದ ಒಂದೆರಡು ಚೂರು ತೆಗೆಯುತ್ತಾರೆ. ಇದೇ ಬಯಾಪ್ಸಿ. ಚಿವುಟಿದಷ್ಟು ನೋವು, ಎರಡು ದಿನ ಸ್ವಲ್ಪ ರಕ್ತ. "ಚೂರು ತೆಗೆದರೆ ಕ್ಯಾನ್ಸರ್ ಕೆರಳಿ ಹಬ್ಬುತ್ತದಂತೆ" ಎಂದು ನಮ್ಮ ಕಡೆ ಹೇಳುವವರಿದ್ದಾರೆ. ಈ ಮಾತನ್ನು ನಂಬಿ ಪರೀಕ್ಷೆ ತಪ್ಪಿಸಿಕೊಳ್ಳಬೇಡಿ. ಹೆಸರು ತಿಳಿಯದೆ ಔಷಧಿ ಹೇಗೆ ಕೊಡುವುದು?

ತೆಗೆದ ಚೂರನ್ನು ಕೂಡಲೇ ಫಾರ್ಮಲಿನ್ ಎಂಬ ದ್ರವದಲ್ಲಿ ಮುಳುಗಿಸಬೇಕು. ಬರಿಯ ನೀರಿನಲ್ಲಿಟ್ಟರೆ ಕೆಡುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಅದನ್ನು ಮೇಣದಲ್ಲಿ ಹುದುಗಿಸಿ ಒಂದು ಬಿಲ್ಲೆ ಮಾಡುತ್ತಾರೆ. ಇದಕ್ಕೆ 'ಬ್ಲಾಕ್' ಎನ್ನುತ್ತಾರೆ. ಆ ಬಿಲ್ಲೆಯಿಂದ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಪದರಗಳನ್ನು ಹೆರೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಪೆಥಾಲಜಿ ಡಾಕ್ಟರು ನೋಡುತ್ತಾರೆ. ಆದ್ದರಿಂದಲೇ ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಾಗುವುದು.

ಸಣ್ಣ ಜೀವಕೋಶದ ಗಡ್ಡೆಯಾದರೆ ಒಂದಕ್ಕೊಂದು ಒತ್ತಿಕೊಂಡ, ಹೆಚ್ಚುಪಾಲು ಬೀಜವೇ ತುಂಬಿದ ಜೀವಕೋಶಗಳು ಗುಂಪುಗುಂಪಾಗಿ ಕಾಣುತ್ತವೆ. ಉಪ್ಪು, ಮೆಣಸಿನ ಪುಡಿ ಬೆರೆಸಿ ಉದುರಿಸಿದಂತೆ ಅವುಗಳ ಒಳಗೆ ಚುಕ್ಕಿ ಚುಕ್ಕಿ. ಇವು ಬಹಳ ನಾಜೂಕು. ಚೂರು ತೆಗೆಯುವಾಗಲೇ ಜಜ್ಜಿಹೋಗುವುದು ಸಾಮಾನ್ಯ. ನನ್ನ ನಾದಿನಿಗೂ ಹೀಗೇ ಆಯಿತು. "ಜಜ್ಜಿದೆ, ನಿರ್ಧರಿಸಲಾಗದು, ಮತ್ತೊಮ್ಮೆ ತೆಗೆಯಿರಿ" ಎಂದು ಬರೆದು ಬಂತು. ಅವಳು ಅತ್ತುಬಿಟ್ಟಳು. ಡಾಕ್ಟರಮ್ಮ ಸಮಾಧಾನ ಮಾಡಿ, "ಅಂದಾಜಿನ ಮೇಲೆ ಏನೋ ಒಂದು ಬರೆದುಕೊಡುವುದಕ್ಕಿಂತ ಗೊತ್ತಾಗಲಿಲ್ಲ ಎಂದು ಬರೆದವರು ಒಳ್ಳೆಯ ಕೆಲಸ ಮಾಡಿದ್ದಾರೆ" ಎಂದರು. ಎರಡನೇ ಸಲದ ಚೂರಿನಲ್ಲಿ ಹೆಸರು ತಿಳಿಯಿತು.

ಕಂಡ ಮಾತ್ರಕ್ಕೆ ಇದೇ ಎಂದು ಹೇಳಲೂ ಆಗುವುದಿಲ್ಲ. ಬೇರೆ ಕೆಲವು ಕ್ಯಾನ್ಸರುಗಳೂ ಇದೇ ವೇಷದಲ್ಲಿ ಬರುತ್ತವೆ. ಅದಕ್ಕೆ ಅದೇ ಬ್ಲಾಕಿನಿಂದ ಇನ್ನಷ್ಟು ಪದರ ಹೆರೆದು 'ಇಮ್ಯುನೋ' ಬಣ್ಣದ ಪರೀಕ್ಷೆ ಮಾಡುತ್ತಾರೆ. ಜೀವಕೋಶದಲ್ಲಿ ಒಂದು ಗೊತ್ತಾದ ಪ್ರೋಟೀನು ಇದ್ದರೆ ಅಲ್ಲಿ ಕಂದು ಬಣ್ಣ ಏಳುತ್ತದೆ. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಸಿಡಿ 56, ಐಎನ್‌ಎಸ್‌ಎಂ 1 ಎಂದು ಇವಕ್ಕೆ ಹೆಸರು. ಒಂದು ಬಣ್ಣ ಏಳದಿದ್ದರೂ ಇನ್ನೊಂದು ಏಳಬಹುದು, ಆದ್ದರಿಂದ ಎರಡು ಮೂರನ್ನು ಒಟ್ಟಿಗೆ ನೋಡುತ್ತಾರೆ. ಶ್ವಾಸಕೋಶದಲ್ಲೂ ಇಂಥದೇ ಕ್ಯಾನ್ಸರ್ ಬರುವುದರಿಂದ, ಅಲ್ಲಿಂದ ಇಲ್ಲಿಗೆ ಬಂದದ್ದೋ, ಇಲ್ಲೇ ಹುಟ್ಟಿದ್ದೋ ಎಂದು ತಿಳಿಯಲು ಎದೆಯ ಸ್ಕ್ಯಾನ್ ಕೂಡ ಬೇಕಾಗುತ್ತದೆ.

"ಗರ್ಭಕೋಶ ತೆಗೆಸಿಬಿಡಿ" ಎಂದರೆ?

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಚೂರು ಪರೀಕ್ಷೆಗೆ ಮುಂಚೆ ನನ್ನ ನಾದಿನಿಯನ್ನು ಒಂದು ಕಡೆ ತೋರಿಸಿದಾಗ, "ಎರಡು ಮಕ್ಕಳಾಗಿವೆಯಲ್ಲ, ಇನ್ನು ಗರ್ಭಕೋಶ ಯಾಕೆ ಬೇಕು? ತೆಗೆಸಿಬಿಡಿ, ರಕ್ತ ನಿಲ್ಲುತ್ತೆ" ಎಂದು ಆಪರೇಷನ್ನಿಗೆ ದಿನವನ್ನೂ ಗೊತ್ತು ಮಾಡಿದ್ದರು. ಯಾವ ಪರೀಕ್ಷೆಯೂ ಇಲ್ಲ. ಇನ್ನೊಬ್ಬ ಲೇಡಿ ಡಾಕ್ಟರನ್ನು ಕೇಳಿ ನೋಡೋಣ ಎಂದು ಹೋದದ್ದರಿಂದ ಚೂರು ಪರೀಕ್ಷೆ ನಡೆಯಿತು.

ಕೊರಳಿನಲ್ಲಿ ಕ್ಯಾನ್ಸರ್ ಇದ್ದು, ಅದು ತಿಳಿಯದೆ ಸಾದಾ ರೀತಿಯಲ್ಲಿ ಗರ್ಭಕೋಶ ತೆಗೆದರೆ ಸುತ್ತಲಿನ ಭಾಗದಲ್ಲಿ ರೋಗ ಉಳಿದುಬಿಡಬಹುದು. ಮುಂದಿನ ಚಿಕಿತ್ಸೆ ತೊಡಕಾಗುತ್ತದೆ. ಈ ಅವಸರದ ಗಡ್ಡೆಯಲ್ಲಂತೂ ಕಳೆದುಹೋದ ಒಂದೊಂದು ವಾರವೂ ನಷ್ಟವೇ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇವೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರಕ್ತಸ್ರಾವಕ್ಕೆಂದು ತೆಗೆಸಿ ಎಂದವರನ್ನು ಎರಡು ಪ್ರಶ್ನೆ ಕೇಳಿ: "ಕೊರಳನ್ನು ನೋಡಿದಿರಾ? ಮೊದಲು ಚೂರು ಪರೀಕ್ಷೆ ಬೇಡವೇ?" ಕೇಳಿದರೆ ಒಳ್ಳೆಯ ಡಾಕ್ಟರು ಬೇಸರಪಟ್ಟುಕೊಳ್ಳುವುದಿಲ್ಲ. ತೆಗೆಸಿದ್ದೇ ಆದರೆ, ತೆಗೆದ ಗರ್ಭಕೋಶವನ್ನು ಪೆಥಾಲಜಿಗೆ ಕಳಿಸಿ ರಿಪೋರ್ಟ್ ಕೊಡಲೇಬೇಕೆಂದು ಮೊದಲೇ ಹೇಳಿಡಿ.

ಹೆಸರು ತಿಳಿದ ಮೇಲೆ

ಹೆಸರು ತಿಳಿಯುತ್ತಿದ್ದಂತೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಎಂ.ಆರ್.ಐ., ಸಿ.ಟಿ. ಅಥವಾ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಗಡ್ಡೆ ಚಿಕ್ಕದಾಗಿ ಕೊರಳಿನಲ್ಲೇ ಇದ್ದರೆ ದೊಡ್ಡ ಆಪರೇಷನ್, ಇಲ್ಲವಾದರೆ ವಿಕಿರಣ ಚಿಕಿತ್ಸೆ. ಆದರೆ ಬರಿಯ ಆಪರೇಷನ್ ಸಾಲದು. ಮೈಯೆಲ್ಲ ಹಬ್ಬುವ ಗುಣ ಇರುವುದರಿಂದ ಸಿಸ್‌ಪ್ಲಾಟಿನ್ ಮತ್ತು ಎಟೊಪೊಸೈಡ್ ಎಂಬ ಔಷಧಿಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕೊರಳಿನ ಸಾಮಾನ್ಯ ಕ್ಯಾನ್ಸರಿಗೆ ಎಟೊಪೊಸೈಡ್ ಕೊಡುವ ವಾಡಿಕೆ ಇಲ್ಲ. ಹೆಸರು ತಪ್ಪಿದ್ದರೆ ಔಷಧಿಯೂ ತಪ್ಪುತ್ತಿತ್ತು!

ಕಾಯಿಲೆ ಕಠಿಣವಾದದ್ದು. ಬೇಗ ಸಿಕ್ಕವರಿಗೂ ಮರುಕಳಿಸಬಹುದು, ಆದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಿಸುವಂತಿಲ್ಲ. ನನ್ನ ನಾದಿನಿಗೆ ಇದು ಮೂರನೇ ವರ್ಷ. ತಲೆಗೂದಲು ಮತ್ತೆ ಬಂದಿದೆ, ಹೋದ ದೀಪಾವಳಿಗೆ ಅವಳೇ ಒಬ್ಬಟ್ಟು ತಟ್ಟಿದಳು. ತಪಾಸಣೆಯ ದಿನ ಹತ್ತಿರ ಬಂದಾಗಲೆಲ್ಲ ಮನೆಯವರಿಗೆ ಎದೆ ಡವಡವ ಎನ್ನುವುದು ಮಾತ್ರ ಹೋಗಿಲ್ಲ.

ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇಂಥ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಬಿ.ಪಿ.ಎಲ್. ರೇಷನ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲೇ ವಿಚಾರಿಸಬೇಕು. ದುಡ್ಡಿಲ್ಲವೆಂದು ಅರ್ಧಕ್ಕೆ ಬಿಡಬೇಡಿ.

ಮುನ್ನೆಚ್ಚರಿಕೆ ಉಂಟೇ?

ಉಂಟು. ಕೊರಳಿನ ಕ್ಯಾನ್ಸರಿಗೆಲ್ಲ ಮೂಲ ಬಹುಮಟ್ಟಿಗೆ ಎಚ್.ಪಿ.ವಿ. ಎಂಬ ವೈರಸ್ ಎಂದು ತೋರಿಸಿದ ಜರ್ಮನಿಯ ಹಾರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ಅಪರೂಪದ ಗಡ್ಡೆಯಲ್ಲೂ ಹೆಚ್ಚಾಗಿ ಸಿಗುವುದು ಅದೇ ವೈರಸ್ಸಿನ 18 ಮತ್ತು 16ನೇ ಬಗೆಗಳು. ಈ ವೈರಸ್ ಬಹಳ ಸಾಮಾನ್ಯ, ಸಂಸಾರಸ್ಥರಲ್ಲಿ ಹೆಚ್ಚಿನವರಿಗೆ ಯಾವಾಗಲಾದರೊಮ್ಮೆ ತಗುಲಿ ತಾನಾಗಿಯೇ ಹೋಗಿರುತ್ತದೆ. ರೋಗ ಬಂದವಳ ನಡತೆಯ ಮೇಲೆ ಮಾತಾಡುವವರ ಬಾಯಿಗೆ ಇಷ್ಟು ಹೇಳಿ ಬೀಗ ಹಾಕಿ.

ಈ ಎರಡು ಬಗೆಗಳನ್ನೂ ತಡೆಯುವ ಲಸಿಕೆ ಇದೆ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು. ಹೆಣ್ಣು ಮಕ್ಕಳಿಗೆ 9ರಿಂದ 14 ವಯಸ್ಸಿನೊಳಗೆ ಹಾಕಿಸಿದರೆ ಒಳ್ಳೆಯದು. ಮೂವತ್ತು ದಾಟಿದ ನಾವು ಎಚ್.ಪಿ.ವಿ. ಪರೀಕ್ಷೆಯನ್ನೋ, ಪ್ಯಾಪ್ ಪರೀಕ್ಷೆಯನ್ನೋ ಮಾಡಿಸಿಕೊಳ್ಳಬಹುದು. 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲ ಸವರಿ ನೋಡುವ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಸೇರಿದೆ.

ಫೈಲಿನಲ್ಲಿ ಇರಬೇಕಾದವು

ಚಿನ್ನದ ಚೀಟಿಯಷ್ಟೇ ಜೋಪಾನವಾಗಿ ಇವನ್ನೂ ಇಡಿ.

1. ರಕ್ತ ಕಂಡ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಾಕ್ಟರಿಗೆ ತೋರಿಸಿ.

2. ಬಯಾಪ್ಸಿ ರಿಪೋರ್ಟಿನ ಮೂಲಪ್ರತಿ ನಿಮ್ಮ ಹತ್ತಿರ ಇರಲಿ. "ಕ್ಯಾನ್ಸರ್" ಎಂದಷ್ಟೇ ಕೇಳಿ ಎದ್ದು ಬರಬೇಡಿ, "ಯಾವ ಬಗೆ?" ಎಂದು ಕೇಳಿ ಬರೆಸಿಕೊಳ್ಳಿ.

3. ಮೇಣದ ಬ್ಲಾಕು, ಗಾಜಿನ ಸ್ಲೈಡು ಎಲ್ಲಿವೆ ಎಂದು ತಿಳಿದಿರಲಿ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು. ಅಪರೂಪದ ಗಡ್ಡೆಯನ್ನು ಇನ್ನೊಬ್ಬ ಅನುಭವಿ ಪೆಥಾಲಜಿ ಡಾಕ್ಟರು ಮತ್ತೆ ನೋಡುವುದು ಒಳ್ಳೆಯದು. ಬ್ಲಾಕನ್ನು ಬಿಸಿಲಿನಲ್ಲಿ, ಒಲೆಯ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ.

ಕೊನೆಗೊಂದು ಮಾತು. ನಮ್ಮ ಮನೆಗಳಲ್ಲಿ ಅತ್ತೆ, ತಾಯಿ, ದೊಡ್ಡಮ್ಮಂದಿರು ಮುಟ್ಟು ನಿಂತ ದಿನದಿಂದ "ನಮ್ಮದೆಲ್ಲ ಮುಗಿಯಿತಲ್ಲ" ಎಂದುಕೊಂಡುಬಿಟ್ಟಿರುತ್ತಾರೆ. ಏನಾದರೂ ಆದರೂ ಸೊಸೆಯ ಹತ್ತಿರ ಹೇಳಿಕೊಳ್ಳಲು ಸಂಕೋಚ, ಮಗನ ಹತ್ತಿರ ಹೇಳುವ ಮಾತೇ ಇಲ್ಲ. ಮಧ್ಯಾಹ್ನ ಮನೆಯಲ್ಲಿ ಗಂಡಸರು ಇಲ್ಲದ ಹೊತ್ತಿನಲ್ಲಿ, ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ, "ಅತ್ತೆ, ನಿಮಗೇನಾದರೂ ಕಲೆ ಗಿಲೆ ಕಾಣಿಸಿತ್ತಾ?" ಎಂದು ನೀವೇ ಕೇಳಿ. ಒಂದು ಸಲ "ಇಲ್ಲಮ್ಮಾ" ಎಂದರೆ ಬಿಡಬೇಡಿ, ಇನ್ನೊಂದು ದಿನ ಮತ್ತೆ ಕೇಳಿ.